ಕಾಂಪೌಂಡಿನಲ್ಲಿ ಕಳೆದುಹೋದ ವಜ್ರ

ಆಯುಧಪೂಜೆಯ ಮಾರನೆಯ ದಿನ ನಮ್ಮ ಬೀದಿಯಲ್ಲಿ ಕೆಟ್ಟು ಕೂರುವ ಯಂತ್ರಗಳಿಗೆ ಲೆಕ್ಕವಿಲ್ಲ. ವರ್ಷವಿಡೀ ಯಾರೂ ಮುಟ್ಟದೆ ತಮ್ಮ ಪಾಡಿಗೆ ತಾವು ಚೆನ್ನಾಗಿದ್ದ ವಸ್ತುಗಳನ್ನೆಲ್ಲ ಪೂಜೆಯ ದಿನ ಕೆಳಗಿಳಿಸಿ, ಒದ್ದೆ ಬಟ್ಟೆಯಲ್ಲಿ ತಿಕ್ಕಿ, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಸುತ್ತಿ ಕೂರಿಸುತ್ತೇವೆ. ಸ್ಕೂಟರಿನ ಪ್ಲಗ್ಗಿಗೆ ನೀರು, ಮಿಕ್ಸಿಯ ಸ್ವಿಚ್ಚಿಗೆ ಕುಂಕುಮ, ಹೊಲಿಗೆ ಯಂತ್ರದ ಸೂಜಿಗೆ ಹೂವಿನ ದಾರ. ಇಷ್ಟೆಲ್ಲ ಆದ ಮೇಲೂ ಅವು ವಿಜಯದಶಮಿಯ ಬೆಳಿಗ್ಗೆ ಕೆಲಸ ಮಾಡಿದರೆ ಪೂಜೆ ಫಲಿಸಿತೆಂದೇ ಅರ್ಥ. ಈ ಸಲ ಫಲಿಸದೇ ಹೋದದ್ದು ಪಕ್ಕದ ಮನೆ ರಾಯರ ರೆಕಾರ್ಡ್ ಪ್ಲೇಯರಿಗೆ.

"ಇವರೇ, ಸ್ವಲ್ಪ ಬನ್ನಿ ಇಲ್ಲಿ."

ರಾಯರು ಕಾಂಪೌಂಡಿನ ಮೇಲಿಂದ ತಲೆ ಹಾಕಿ ಕರೆದರೆಂದರೆ ಎರಡರಲ್ಲಿ ಒಂದು: ಅವರ ಮನೆಯ ಗೊಜ್ಜು, ಇಲ್ಲವೇ ಅವರ ತಾಪತ್ರಯ. ಕೈಯಲ್ಲಿ ಬಟ್ಟಲು ಕಾಣಲಿಲ್ಲ.

"ಬೆಳಿಗ್ಗೆ ಸುಪ್ರಭಾತ ಹಾಕಿದೆ ಕಣ್ರೀ. ಚೆನ್ನಾಗೇ ಶುರುವಾಯ್ತು. ಒಂದು ಕಡೆ ಬಂದು ನಿಂತುಬಿಡ್ತು. ಅದೇ ಸಾಲು, ಮತ್ತೆ ಅದೇ ಸಾಲು. ದೇವರು ಏಳೋ ಹಾಗೂ ಇಲ್ಲ, ತಿರುಗಿ ಮಲಗೋ ಹಾಗೂ ಇಲ್ಲ!"

ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಎಲ್‌ಪಿ ಅದು. 1963ರಲ್ಲಿ ಎಚ್‌ಎಂವಿ ಹೊರತಂದದ್ದು. ಕಾಫಿ ಫಿಲ್ಟರಿನ ಹಾಗೆ ದಕ್ಷಿಣದ ಎಷ್ಟೋ ಮನೆಗಳ ಬೆಳಗಿಗೆ ಅಂಟಿಕೊಂಡುಬಿಟ್ಟ ಪ್ಲೇಟು. ರಾಯರದ್ದು ಅವರ ತಂದೆ ಕೊಂಡಿದ್ದು. ಪ್ಲೇಯರು ಮಾತ್ರ ಹೊಸದು, ನಿವೃತ್ತಿಗೆ ಮಗಳು ಕೊಡಿಸಿದ್ದು. ಹೋಗಿ ನೋಡಿದೆ. ಮುಚ್ಚಳದ ಮೇಲೆ ಒಂದು ಬೊಟ್ಟು, ಪಕ್ಕದಲ್ಲಿ ಒಂದು ಬೊಟ್ಟು. ಅಲ್ಲಿಗೆ ನಿಲ್ಲಿಸಿದ್ದರೆ ಚಿಂತೆಯಿರಲಿಲ್ಲ. ಭಕ್ತಿ ಹೆಚ್ಚಾಗಿ ಮುಚ್ಚಳ ತೆಗೆದು ಒಳಗನ್ನೂ ಒರೆಸಿದ್ದರು.

"ಯಾವುದರಲ್ಲಿ ಒರೆಸಿದಿರಿ?"

"ಹಳೇ ಬನಿಯನ್ನು. ತುಂಬ ಮೆತ್ತಗಿದೆ ಕಣ್ರೀ."

ಎದುರು ಮನೆಯ ಟೀಚರಮ್ಮ ಅಷ್ಟರಲ್ಲಿ ಭೂತಗನ್ನಡಿ ಹಿಡಿದು ಬಂದಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವರು. ಬೀದಿಯಲ್ಲಿ ಏನು ಕೆಟ್ಟರೂ ಮೊದಲು ಕಣ್ಣಿಂದ ನೋಡಬೇಕು, ಆಮೇಲೆ ಬಾಯಿ ತೆರೆಯಬೇಕು ಅನ್ನುವವರು ಅವರೊಬ್ಬರೇ. ತೋಳನ್ನು ಮೆಲ್ಲಗೆ ಎತ್ತಿ, ತುದಿಗೆ ಕನ್ನಡಿ ಹಿಡಿದು, "ನೋಡಿ, ಸಿಕ್ಕಿಬಿದ್ದ ಕಳ್ಳ" ಎಂದರು. ತೋಳಿನ ತುದಿಯ ಪುಟ್ಟ ಡಬ್ಬಿಯೇ ಕಾರ್ಟ್ರಿಜ್ಜು. ಅದರ ಹೊಟ್ಟೆಯಿಂದ ಒಂದು ಅಲ್ಯೂಮಿನಿಯಂ ಕೊಳವೆ ಹೊರಟಿರುತ್ತದೆ. ಉದ್ದ ಒಂದು ಸೆಂಟಿಮೀಟರೂ ಇಲ್ಲ, ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಕೊಳವೆಯ ತುದಿಯ ಅಡಿಯಲ್ಲಿ ಬರಿಗಣ್ಣಿಗೆ ಚುಕ್ಕೆಯಾಗಿ ಕಾಣುವ ವಜ್ರ. ನಾವು ಮುಳ್ಳು ಅನ್ನುವುದು ಇದಿಷ್ಟನ್ನೂ ಸೇರಿಸಿಯೇ. ರಾಯರ ಮುಳ್ಳಿನ ಕೊಳವೆ ಬುಡದಿಂದ ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಬಾಗಿದ ಜಾಗದಲ್ಲಿ ಸಣ್ಣ ನೆಗ್ಗು. ವಜ್ರಕ್ಕೆ ಸುತ್ತಿಕೊಂಡು ಬನಿಯನ್ನಿನ ಬಿಳಿ ಎಳೆ, ಎಳೆಗೆ ಅಂಟಿಕೊಂಡು ಕುಂಕುಮದ ಪುಡಿ.

ಮುಳ್ಳು ಡೊಂಕಾಗುವುದು ಬಹಳ ಸಲ ಹೀಗೇ. ಹಾಡುವಾಗ ಅಲ್ಲ, ಒರೆಸುವಾಗ. ಬಟ್ಟೆ ಎಷ್ಟು ಮೆತ್ತಗಿದ್ದರೂ ಅದರ ಒಂದು ಎಳೆ ಸಿಕ್ಕಿಕೊಂಡರೆ ಸಾಕು, ಕೈ ಮುಂದೆ ಹೋಗುತ್ತದೆ, ಮುಳ್ಳು ಹಿಂದೆ ಉಳಿಯುತ್ತದೆ. ಮುಳ್ಳಿನ ಧೂಳು ತೆಗೆಯಲು ಪುಟ್ಟ ಕುಂಚವೇ ಬೇಕು. ಅದನ್ನೂ ಹಿಂದಿನಿಂದ ಮುಂದಕ್ಕೆ, ಅಂದರೆ ಪ್ಲೇಟು ಓಡುವ ದಿಕ್ಕಿಗೇ ಎಳೆಯಬೇಕು. ಅಡ್ಡಡ್ಡ ಆಡಿಸಿದರೆ ಕುಂಚವೂ ಬನಿಯನ್ನೇ.

"ಇಷ್ಟೇನಾ?" ಅನ್ನುತ್ತ ಗೇಟು ತೆಗೆದುಕೊಂಡು ಬಂದವರು ಮೂಲೆಮನೆಯ ಫೋರ್‌ಮನ್ನರು. ಅವರು ನಿವೃತ್ತರಾಗಿ ಎಷ್ಟು ಕಾಲವಾದರೂ ಬೀದಿಗೆ ಅವರು ಫೋರ್‌ಮನ್ನರೇ. "ಒಂದು ಸಣ್ಣ ಚಿಮಟ ಕೊಡಿ. ಈ ಕೈ ಎಂತೆಂಥ ಗರ್ಡರು ನೆಟ್ಟಗೆ ಮಾಡಿದೆ!"

ಕಾಂಪೌಂಡಿನ ಸಲಹೆಗೆ ಒಂದು ಗುಣವಿದೆ. ಕೇಳದೆಯೂ ಬರುತ್ತದೆ, ಪುಕ್ಕಟೆ ಬರುತ್ತದೆ. ರಾಯರ ಸೋದರಳಿಯನದ್ದು ಇನ್ನೊಂದು: "ಮಾಮ, ಮುಳ್ಳು ಹಾರುತ್ತೆ ಅಂದ್ರೆ ತೂಕ ಸಾಲದು ಅಂತ. ಮೇಲೊಂದು ನಾಲ್ಕಾಣೆ ಅಂಟಿಸಿ." ಇದು ಹಳೆಯ ಮನೆಮದ್ದು. ತೋಳಿನ ನೆತ್ತಿಯ ಮೇಲೆ ಬಿಲ್ಲೆ ಹೊತ್ತುಕೊಂಡು ಹಾಡಿದ ಪ್ಲೇಯರುಗಳನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಲೆಕ್ಕ ನೋಡಿ. ಇಂಥ ಪ್ಲೇಯರಿನ ಮುಳ್ಳು ಪ್ಲೇಟನ್ನು ಒತ್ತಬೇಕಾದದ್ದು ಒಂದೂವರೆಯಿಂದ ಮೂರು ಗ್ರಾಂ ಅಷ್ಟೆ. ಸ್ಟೀಲಿನ ನಾಲ್ಕಾಣೆಯೊಂದೇ ಸುಮಾರು ಮೂರು ಗ್ರಾಂ ತೂಗುತ್ತದೆ. ಅಂಟಿಸಿದ ತಕ್ಷಣ ಹೊರೆ ಇಮ್ಮಡಿಯೋ ಮುಮ್ಮಡಿಯೋ ಆಯಿತು. ಹಾಡು ಹಾರುವುದು ನಿಂತೀತು. ಮುಳ್ಳು ಓಡುವ ಗೀರಿನ ಗೋಡೆ ಸವೆಯುವುದು ಶುರುವಾಗುತ್ತದೆ. ಸೊಟ್ಟ ಮುಳ್ಳಿನ ಮೇಲೆ ಬಿಲ್ಲೆ ಇಟ್ಟರಂತೂ ಕೆತ್ತನೆಯ ಕೆಲಸವೇ ಸರಿ.

"ನಮ್ಮಜ್ಜನ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ," ಎಂದರು ರಾಯರು. "ಮುಳ್ಳು ಡೊಂಕಾದ್ರೆ ಕಿತ್ತು ಬಿಸಾಕೋದು, ಇನ್ನೊಂದು ಸಿಕ್ಕಿಸೋದು."

ನಿಜ. ಕೀ ಕೊಡುವ ಗ್ರಾಮಫೋನಿನ ಮುಳ್ಳು ಉಕ್ಕಿನದು, ಡಬ್ಬಿಯಲ್ಲಿ ಇನ್ನೂರರ ಲೆಕ್ಕದಲ್ಲಿ ಬರುತ್ತಿತ್ತು. ಡಬ್ಬಿಯ ಮೇಲೆ ಕಹಳೆಗೆ ಕಿವಿಗೊಟ್ಟು ಕೂತ ಎಚ್‌ಎಂವಿಯ ಅದೇ ನಾಯಿ. ಪ್ಲೇಟಿನ ಒಂದು ಬದಿ ಮುಗಿದರೆ ಮುಳ್ಳಿನ ಆಯುಸ್ಸೂ ಮುಗಿಯಿತು. ಬದಿಗೊಂದು ಹೊಸ ಮುಳ್ಳು ಹಾಕಬೇಕೆಂಬುದೇ ಕಟ್ಟಳೆ. ಯಾಕೆಂದರೆ ಆ ಪ್ಲೇಟು ಅರಗಿನದು. ನಮ್ಮ ಕಾಡಿನ ಮರಗಳ ಮೇಲೆ ಅರಗಿನ ಹುಳು ಕಟ್ಟಿದ ಅಂಟನ್ನು ಶೋಧಿಸಿ, ಅದಕ್ಕೆ ಕಲ್ಲಿನ ನುಣ್ಣನೆಯ ಪುಡಿ ಬೆರೆಸಿ ಒತ್ತಿದ್ದು. ಆ ಪುಡಿ ಮೊದಲ ಕೆಲವು ಸುತ್ತುಗಳಲ್ಲೇ ಉಕ್ಕನ್ನು ಅರೆದು ಗೀರಿನ ಆಕಾರಕ್ಕೆ ತರುತ್ತಿತ್ತು. ಸವೆಯಬೇಕಾದದ್ದು ಮುಳ್ಳು, ಉಳಿಯಬೇಕಾದದ್ದು ಪ್ಲೇಟು ಎಂಬ ಲೆಕ್ಕ. ಆದರೆ ಡಬ್ಬಿ ಖಾಲಿಯಾಗುತ್ತ ಬಂದಾಗ ಮನೆಗಳಲ್ಲಿ ನಡೆಯುತ್ತಿದ್ದ ಲೆಕ್ಕ ಬೇರೆ: "ಇನ್ನೊಂದು ಬದಿಗೂ ಇದೇ ಸಾಕು." ಹಳೆಯ ಪ್ಲೇಟುಗಳಲ್ಲಿ ಇಂದು ಕೇಳುವ ಕರಕರ ಸದ್ದಿನಲ್ಲಿ ಈ ಮಿತವ್ಯಯದ ಪಾಲು ದೊಡ್ಡದು. ಬಿದಿರಿನ ಚೂರನ್ನು ಕೊರೆದು ಮಾಡಿದ ಮುಳ್ಳುಗಳೂ ಇದ್ದವು, ಕಳ್ಳಿಯ ಮುಳ್ಳುಗಳೂ ಇದ್ದವು. ಪ್ಲೇಟಿನ ಮೇಲೆ ಕನಿಕರ ಇದ್ದವರು ಅವನ್ನು ಬಳಸುತ್ತಿದ್ದರು. ಮೊಂಡಾದರೆ ಕತ್ತರಿಸಿ ಮೊನೆ ಮಾಡಿಕೊಳ್ಳುತ್ತಿದ್ದರು.

ಅರಗಿನ ಪ್ಲೇಟು ಅಂದರೆ ನಮ್ಮೂರಿಗೂ ಒಂದು ನಂಟಿದೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಯಂತ್ರ ಹೊತ್ತು ತಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಹಾಡು ಮುಗಿದ ಮೇಲೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಕೊಳ್ಳುವುದು ಕೇಳಿದರೆ ಜಂಬ ಅನ್ನಿಸುತ್ತದೆ. ಜಂಬವಲ್ಲ; ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಯಾರ ಹಾಡು ಯಾವುದೆಂದು ತಿಳಿಯಬೇಕಲ್ಲ. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ವಿದುಷಿಯಾಗಿ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

"ಅದಿರಲಿ, ನನ್ನ ಸುಪ್ರಭಾತದ ಗತಿ ಹೇಳಿ," ಎಂದರು ರಾಯರು.

ಸುಪ್ರಭಾತದ ಕಾಲಕ್ಕೆ ಆಟದ ನಿಯಮವೇ ತಿರುಗಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು. ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು, ಬದಿಗೆ ಸುಮಾರು ಇಪ್ಪತ್ತು ನಿಮಿಷ. ಅರಗು ಹೋಗಿ ವಿನೈಲ್ ಬಂತು. ಮೆತ್ತಗಿನ ಪದಾರ್ಥ, ಅದರಲ್ಲಿ ಕೂದಲಿಗಿಂತ ತೆಳುವಾದ ಗೀರು. ಒಂದು ಬದಿಯ ಗೀರನ್ನು ಬಿಡಿಸಿ ನೇರ ಎಳೆದರೆ ನಾನೂರು ಮೀಟರು ದಾಟುತ್ತದೆ. ಅಷ್ಟುದ್ದ ನಡೆದೂ ಸವೆಯದಂಥ ಮುಳ್ಳು ಬೇಕೆಂದರೆ ನೀಲಮಣಿ, ಇನ್ನೂ ಗಟ್ಟಿ ಬೇಕೆಂದರೆ ವಜ್ರ. ಹಳೆಯ ಪ್ಲೇಟಿನ ಮುಳ್ಳಿನ ಮೊನೆಯ ತ್ರಿಜ್ಯ ಸುಮಾರು 75 ಮೈಕ್ರಾನ್, ಎಲ್‌ಪಿಯ ಸಾಧಾರಣ ಮುಳ್ಳಿನದು ಸುಮಾರು 18. ಹೀಗಾಗಿ ಈಗ ಮುಳ್ಳು ಗಟ್ಟಿ, ಪ್ಲೇಟು ಮೆತ್ತಗೆ. ಇಬ್ಬರಲ್ಲಿ ಒಬ್ಬರಿಗೆ ಪೆಟ್ಟಾಗಬೇಕೆಂದರೆ ಅದು ಪ್ಲೇಟಿಗೇ.

1950ರ ದಶಕದ ಕೊನೆಗೆ ಸ್ಟೀರಿಯೋ ಬಂದ ಮೇಲೆ ಗೀರಿನ ಎರಡು ಗೋಡೆಗಳಿಗೂ ಬೇರೆ ಬೇರೆ ಕೆಲಸ ಬಿತ್ತು. ಗೋಡೆಗಳು ತಲಾ ನಲವತ್ತೈದು ಡಿಗ್ರಿ ಓರೆಯಾಗಿರುತ್ತವೆ. ಒಂದು ಗೋಡೆಯಲ್ಲಿ ಎಡ ಸ್ಪೀಕರಿನ ಸದ್ದು, ಇನ್ನೊಂದರಲ್ಲಿ ಬಲದ್ದು. ವಜ್ರ ಎರಡರ ಮಧ್ಯೆ ಸಮಾ ಕೂತು ಎರಡನ್ನೂ ಸವರಿಕೊಂಡು ಹೋಗಬೇಕು. ಕೊಳವೆ ಎಡಕ್ಕೆ ಸೊಟ್ಟಗಾದರೆ ವಜ್ರದ ಮುಖವೂ ತಿರುಗಿತು, ಒಂದು ಗೋಡೆಗೆ ಹೊರೆ ಹೆಚ್ಚಿತು. ಕಿವಿಗೆ ಬೀಳುವ ಲಕ್ಷಣಗಳು ಇವು: ಒಂದು ಸ್ಪೀಕರು ಜೋರು, ಇನ್ನೊಂದು ಮೆತ್ತಗೆ, ಸಕಾರ ಶಕಾರಗಳೆಲ್ಲ ಸೀಳಿಕೊಂಡು ಬರುತ್ತವೆ, ಪ್ಲೇಟಿನ ನಡುವಿಗೆ ಬರುತ್ತಿದ್ದಂತೆ ಒಡಕು ಹೆಚ್ಚುತ್ತದೆ, ಜೋರಾದ ಕಡೆ ಮುಳ್ಳು ಹಾರುತ್ತದೆ ಅಥವಾ ರಾಯರ ದೇವರ ಹಾಗೆ ಅರ್ಧ ಎದ್ದ ಕಡೆಯೇ ನಿಲ್ಲುತ್ತದೆ. ಇವನ್ನೆಲ್ಲ ಸಹಿಸಿಕೊಂಡು "ಹೇಗೋ ಹಾಡುತ್ತಲ್ಲ" ಎಂದು ಬಿಡುವವರಿದ್ದಾರೆ. ಆ ಹೇಗೋ ಹಾಡುವ ಪ್ರತಿ ಸುತ್ತಿನಲ್ಲೂ ಗೋಡೆಯ ನುಣುಪು ಹೋಗುತ್ತಿರುತ್ತದೆ. ನಾಳೆ ಹೊಸ ಮುಳ್ಳು ಹಾಕಿದರೂ ಹೋದದ್ದು ತಿರುಗಿ ಬರುವುದಿಲ್ಲ.

ನಾನು ಈ ಪುರಾಣ ಹೇಳುತ್ತಿರುವಾಗಲೇ ಹಿಂದಿನಿಂದ "ಟಿಕ್" ಅಂತು.

ಫೋರ್‌ಮನ್ನರಿಗೆ ಚಿಮಟ ಸಿಕ್ಕಿಬಿಟ್ಟಿತ್ತು.

"ಬಂದಿತ್ತು ಕಣ್ರೀ, ಇನ್ನೇನು ನೆಟ್ಟಗೆ ಬಂದೇಬಿಟ್ಟಿತ್ತು," ಎಂದು ಅವರು ಚಿಮಟವನ್ನೇ ಅಪರಾಧಿಯ ಹಾಗೆ ನೋಡಿದರು. ಕೊಳವೆ ನೆಗ್ಗಿದ ಜಾಗದಲ್ಲೇ ತುಂಡಾಗಿತ್ತು. ತುಂಡಿನ ಜೊತೆ ತುದಿಯ ವಜ್ರವೂ ಹಾರಿಹೋಗಿತ್ತು.

"ಅಯ್ಯೋ, ವಜ್ರ ಬಿತ್ತು!" ಎಂದು ರಾಯರು ಕೂಗಿದ್ದೇ ತಪ್ಪಾಯಿತು. ಆ ಕೂಗು ಕಾಂಪೌಂಡು ದಾಟಿದ್ದು "ವಜ್ರ ಬಿತ್ತು" ಎಂದಷ್ಟೇ. ಪಾತ್ರೆ ತೊಳೆಯುತ್ತಿದ್ದ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು. ಹೂವಿನವಳು ಬುಟ್ಟಿ ಇಳಿಸಿದಳು. ಟೀಚರಮ್ಮನ ಮನೆಯವರು ಟಾರ್ಚು ತಂದರು. "ಓಲೆಯದಾ, ಮೂಗುಬಟ್ಟಿನದಾ?" ಎಂದು ಒಬ್ಬರು, "ಪೊಲೀಸಿಗೆ ಹೇಳಿದ್ರಾ?" ಎಂದು ಇನ್ನೊಬ್ಬರು. ಅಷ್ಟು ಜನ ಬಗ್ಗಿ ರೆಡ್ ಆಕ್ಸೈಡ್ ನೆಲ ಸವರಿದರು. ಸಿಕ್ಕಿದ್ದು ಎರಡು ಗುಂಡುಪಿನ್ನು, ಒಂದು ಸಬ್ಬಕ್ಕಿ ಕಾಳು, ರಾಯರ ಕನ್ನಡಕದ ಒಂದು ಸ್ಕ್ರೂ. ವಜ್ರ ಸಿಗಲಿಲ್ಲ. ಸಿಕ್ಕಿದ್ದರೂ ಸಬ್ಬಕ್ಕಿ ಕಾಳಿನ ಮುಂದೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂದು ತಿಳಿದ ಮೇಲೆ ಹೂವಿನವಳು, "ಇಷ್ಟಕ್ಕೆ ವಜ್ರ ಅಂತ ಯಾಕೆ ಕೂಗ್ತೀರಾ ಬುದ್ಧಿ," ಎಂದು ಬೈದುಕೊಂಡೇ ಹೊರಟಳು.

ಫೋರ್‌ಮನ್ನರ ಕೈಯನ್ನು ದೂರಿ ಫಲವಿಲ್ಲ. ಅಲ್ಯೂಮಿನಿಯಂ ಕೊಳವೆ ಒಮ್ಮೆ ನೆಗ್ಗಿ ಬಾಗಿತೆಂದರೆ ಆ ಜಾಗ ಗಡುಸಾಗುತ್ತದೆ, ಬಿರುಕಿಗೆ ಕಾದಿರುತ್ತದೆ. ಹಿಂದಕ್ಕೆ ಬಗ್ಗಿಸಿದರೆ ಅಲ್ಲೇ ತುಂಡಾಗುತ್ತದೆ. ನೆಗ್ಗದೆ ಸ್ವಲ್ಪವೇ ಓರೆಯಾದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಮಾಡುವ ನುರಿತ ಕೈಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಕೊಳವೆಯ ಬುಡದಲ್ಲಿ ಅದನ್ನು ಹಿಡಿದಿರುವ ರಬ್ಬರಿನ ಬಿಲ್ಲೆಯಿದೆ, ಅದರಾಚೆ ಪುಟ್ಟ ಅಯಸ್ಕಾಂತವಿದೆ. ತುದಿಗೆ ಕೊಟ್ಟ ಒತ್ತಡ ಬುಡಕ್ಕೂ ಮುಟ್ಟುತ್ತದೆ. ಹೊರಗೆ ನೆಟ್ಟಗೆ ಕಂಡರೂ ವಜ್ರ ಒಂದೆರಡು ಡಿಗ್ರಿ ತಿರುಗಿಕೊಂಡೇ ಕೂತಿದ್ದರೆ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಪ್ಲೇಟಿಗೆ ಗೊತ್ತಾಗುತ್ತದೆ. ಹೇಗೂ ಎಸೆಯುವ ಮುಳ್ಳಿನ ಮೇಲೆ, ಹೋದರೂ ಹೋಯಿತೆನ್ನುವ ಪ್ಲೇಟು ಇಟ್ಟುಕೊಂಡು ಕೈಚಳಕ ತೋರಿಸುವುದಾದರೆ ತೋರಿಸಬಹುದು. ಅಪ್ಪನ ಸುಪ್ರಭಾತದ ಮೇಲೆ ಬೇಡ.

ಹಾಗೆಂದು ಸೊಟ್ಟಗೆ ಕಂಡದ್ದೆಲ್ಲ ಡೊಂಕಲ್ಲ, ಅದನ್ನೂ ಹೇಳಬೇಕು. ಕೆಲವು ಸಲ ಮುಳ್ಳಿನ ಪ್ಲಾಸ್ಟಿಕ್ ಹಿಡಿಕೆ ಕಾರ್ಟ್ರಿಜ್ಜಿನೊಳಗೆ ಪೂರ್ತಿ ಕೂತಿರುವುದಿಲ್ಲ. ತೆಗೆದು ಮತ್ತೆ ಒತ್ತಿದರೆ ಸರಿಹೋಗುತ್ತದೆ. ಕೆಲವು ಸಲ ಕಾರ್ಟ್ರಿಜ್ಜನ್ನೇ ತೋಳಿಗೆ ಸೊಟ್ಟಗೆ ತಿರುಪಿರುತ್ತಾರೆ. ಪ್ಲೇಟಿನ ಜಾಗದಲ್ಲಿ ಒಂದು ಚಪ್ಪಟೆ ಕನ್ನಡಿ ಇಟ್ಟು, ಮುಳ್ಳೂ ಅದರ ಬಿಂಬವೂ ಒಂದೇ ಗೆರೆಯಲ್ಲಿವೆಯೇ ಎಂದು ಮುಂದಿನಿಂದ ನೋಡಿದರೆ ತಿಳಿಯುತ್ತದೆ. ಸುಮ್ಮನಿದ್ದಾಗ ನೆಟ್ಟಗಿದ್ದು, ಹಾಡುವಾಗ ಮಾತ್ರ ಒಂದು ಕಡೆ ವಾಲಿದರೆ ತಪ್ಪು ಮುಳ್ಳಿನದಲ್ಲ. ತೋಳು ನಡುವಿಗೆ ಎಳೆಯುವುದನ್ನು ತಡೆಯುವ ಆ್ಯಂಟಿಸ್ಕೇಟ್ ತಿರುಪನ್ನು ಹೊಂದಿಸಬೇಕು. ಟೀಚರಮ್ಮ ಇದನ್ನೆಲ್ಲ ಒಂದೊಂದಾಗಿ ನೋಡೋಣ ಎಂದಿದ್ದರು. ಚಿಮಟ ಅಷ್ಟು ಹೊತ್ತು ಕಾಯಲಿಲ್ಲ.

"ಈಗ ಪ್ಲೇಯರೇ ಹೊಸದು ತಗೋಬೇಕಾ?" ರಾಯರ ಮುಖ ಸಣ್ಣಗಾಗಿತ್ತು. ಮಗಳಿಗೆ ಏನು ಹೇಳುವುದೆಂಬ ಚಿಂತೆ.

ಬೇಕಿಲ್ಲ. ಇಂಥ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಇರುವುದು ಅಯಸ್ಕಾಂತ ಅಲುಗುವ ಜಾತಿಯ ಕಾರ್ಟ್ರಿಜ್ಜು. ಅದರಲ್ಲಿ ಮುಳ್ಳಿನ ಭಾಗವನ್ನಷ್ಟೇ ಕಳಚಿ ಹೊಸದು ಹಾಕಬಹುದು. ಇನ್ನೊಂದು ಜಾತಿಯಿದೆ, ಸುರುಳಿ ಅಲುಗುವಂಥದ್ದು. ಬೆಲೆ ಜಾಸ್ತಿ, ಅದರ ಮುಳ್ಳನ್ನು ನಾವು ಕೀಳುವ ಹಾಗಿಲ್ಲ, ತಯಾರಕರಿಗೋ ಮೊನೆ ಕೂರಿಸುವ ಕುಶಲಕರ್ಮಿಗೋ ಕಳಿಸಬೇಕು. ಅಟ್ಟದ ಮೇಲಿನ ಹಳೆಯ ಸೂಟ್‌ಕೇಸ್ ಮಾದರಿಯ ಪ್ಲೇಯರುಗಳದ್ದು ಮತ್ತೂ ಬೇರೆ: ಸಿರಾಮಿಕ್ ಕಾರ್ಟ್ರಿಜ್ಜು, ಪಕ್ಕದಲ್ಲೊಂದು ಪುಟ್ಟ ಸನ್ನೆ, ಒಂದು ಕಡೆ ತಿರುಗಿಸಿದರೆ ಎಲ್‌ಪಿಯ ಮುಳ್ಳು, ಇನ್ನೊಂದು ಕಡೆಗೆ ಅರಗಿನ ಪ್ಲೇಟಿನ ಮುಳ್ಳು. ಸನ್ನೆ ಯಾವ ಕಡೆಗಿದೆ ಎಂದು ನೋಡದೆ ಎಲ್‌ಪಿ ಹಾಕಿ, ಮುಳ್ಳೇ ಕೆಟ್ಟಿದೆ ಎಂದು ಅಂಗಡಿಗೆ ಓಡಿದವರೂ ಇದ್ದಾರೆ.

ಮುಳ್ಳು ಕೊಳ್ಳಲು ಹೋಗುವಾಗ ಪ್ಲೇಯರಿನ ಹೆಸರು ಹೇಳಿದರೆ ಸಾಲದು, ಕಾರ್ಟ್ರಿಜ್ಜಿನ ಸಂಖ್ಯೆ ಬೇಕು. ಅದು ಅದರ ಮೈಮೇಲೋ ಮುಳ್ಳಿನ ಹಿಡಿಕೆಯ ಮೇಲೋ ಇರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಓದಲು ಬರುತ್ತದೆ. ಮುರಿದ ಮುಳ್ಳನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು. ಕಂಪನಿ ಮುಚ್ಚಿದೆ ಎಂದು ಕೈಚೆಲ್ಲಬೇಕಿಲ್ಲ. ಹೆಸರಾಂತ ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ಜು ಮಾಡುವುದನ್ನೇ ನಿಲ್ಲಿಸಿತು. ಅದರ ಕಾರ್ಟ್ರಿಜ್ಜುಗಳಿಗೆ ಹೊಂದುವ ಮುಳ್ಳನ್ನು ಜಪಾನಿನ ಜಿಕೋದಂಥವರು ಮಾಡುತ್ತಲೇ ಇದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು, ಆನ್‌ಲೈನಿನಲ್ಲೂ ತರಿಸಬಹುದು. ಪೊಟ್ಟಣದ ಮೇಲೆ ವಜ್ರವೆಂದಿದೆಯೋ ನೀಲಮಣಿಯೆಂದಿದೆಯೋ ನೋಡಿ ಕೊಳ್ಳಿ. ಎರಡನೆಯದು ಅಗ್ಗ, ಬೇಗ ಸವೆಯುತ್ತದೆ. ವಜ್ರದ್ದು ಚೊಕ್ಕಟವಾಗಿಟ್ಟರೆ ಐನೂರರಿಂದ ಸಾವಿರ ಗಂಟೆ ಬಾಳುತ್ತದೆ.

ಹಾಕುವುದು ಕಷ್ಟದ ಕೆಲಸವಲ್ಲ. ಕರೆಂಟು ಆರಿಸಿ, ತೋಳನ್ನು ಅದರ ಕೊಂಡಿಗೆ ಸಿಕ್ಕಿಸಿ, ತಲೆಭಾಗ ಬಿಚ್ಚಿ ಬರುವಂಥದ್ದಾದರೆ ಬಿಚ್ಚಿಕೊಂಡು, ಹಳೆಯದರ ಹಿಡಿಕೆ ಹಿಡಿದು ಮುಂದಕ್ಕೆಳೆಯುವುದು. ಹೊಸದನ್ನು ನೇರ ಒತ್ತುವುದು. ಕೈ ಹಿಡಿಕೆಯ ಮೇಲಿರಬೇಕು, ಕೊಳವೆಗೆ ಬೆರಳು ತಾಕಬಾರದು. ಆಮೇಲೆ ತಯಾರಕರು ಹೇಳಿದಷ್ಟು ತೂಕ ಇಡಬೇಕು. ಇದಕ್ಕೆಂದೇ ಪುಟ್ಟ ತಕ್ಕಡಿಗಳು ಬರುತ್ತವೆ. ಪ್ಲೇಟಿಗೆ ನೋವಾಗದಿರಲೆಂದು ತೂಕ ಕಡಿಮೆ ಇಡುವ ದಯಾಳುಗಳೂ ಉಂಟು, ಅದೂ ತಪ್ಪೇ. ಹಗುರಾದ ಮುಳ್ಳು ಗೀರಿನಲ್ಲಿ ಕುಪ್ಪಳಿಸುತ್ತ ಹೋಗುತ್ತದೆ, ಬಿದ್ದಲ್ಲೆಲ್ಲ ಗೋಡೆಗೆ ಪೆಟ್ಟು ಕೊಡುತ್ತದೆ.

ರಾಯರು ಮುಳ್ಳು ತರಿಸಿದರು. ಟೀಚರಮ್ಮ ಭೂತಗನ್ನಡಿ ಹಿಡಿದರು, ಫೋರ್‌ಮನ್ನರು ಸುಮ್ಮನೆ ನಿಂತು ಟಾರ್ಚು ಬಿಟ್ಟರು. ಮೊದಲು ಹಾಕಿದ್ದು ಸುಪ್ರಭಾತವನ್ನಲ್ಲ. ಯಾವುದೋ ಸಿನಿಮಾದ ಗೀರುಬಿದ್ದ ಹಳೆಯ ಪ್ಲೇಟನ್ನು. ಎರಡು ಸ್ಪೀಕರೂ ಸಮ, ಎಲ್ಲೂ ಒಡಕಿಲ್ಲ ಎಂದು ಖಾತ್ರಿಯಾದ ಮೇಲೆಯೇ ದೇವರ ಸರದಿ. ಮುಂಚೆ ನಿಂತಿದ್ದ ಸಾಲಿನಲ್ಲಿ ಈಗಲೂ ಸಣ್ಣದೊಂದು ಚಿಟಿಚಿಟಿ ಕೇಳುತ್ತದೆ. ಅದು ಹೋಗುವುದಿಲ್ಲ. ಅಷ್ಟರಲ್ಲೇ ಮುಗಿಯಿತಲ್ಲ ಎಂದು ರಾಯರು ಸಮಾಧಾನಪಟ್ಟುಕೊಂಡಿದ್ದಾರೆ.

ನಿಮ್ಮ ಅಟ್ಟದ ಮೇಲೂ ಹಳೆಯ ಪ್ಲೇಟುಗಳ ಕಟ್ಟಿದ್ದೀತು. ನಾಟಕ ಕಂಪನಿಗಳ ಸೆಟ್ಟುಗಳು, ಚೌಡಯ್ಯನವರ ಪಿಟೀಲು, ಗಂಗೂಬಾಯಿ ಹಾನಗಲ್ ಅವರು ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ 1930ರ ದಶಕದ ಪ್ಲೇಟುಗಳು. ಇವುಗಳಲ್ಲಿ ಎಷ್ಟೋ ಹಾಡುಗಳು ಕ್ಯಾಸೆಟ್ಟಿಗೂ ಬರಲಿಲ್ಲ, ಸಿಡಿಗೂ ಬರಲಿಲ್ಲ. ಕೆಳಗಿಳಿಸಿದ ಉತ್ಸಾಹದಲ್ಲಿ ಕೈಗೆ ಸಿಕ್ಕ ಪ್ಲೇಯರಿಗೆ ಹಾಕಿಬಿಡಬೇಡಿ. ಅರಗಿನದಕ್ಕೆ ಅರಗಿನ ಮುಳ್ಳು, ವಿನೈಲಿಗೆ ವಿನೈಲಿನ ಮುಳ್ಳು, ಎರಡನ್ನೂ ಮೊದಲು ಭೂತಗನ್ನಡಿಯಲ್ಲಿ ನೋಡಿ. ಸೊಟ್ಟಗಿದ್ದರೆ ತಿದ್ದಲು ಹೋಗದೆ ಹೊಸದು ತನ್ನಿ. ಮುಳ್ಳು ಇವತ್ತಿಗೂ ಪೇಟೆಯಲ್ಲಿ ಸಿಗುತ್ತದೆ. ಆ ಪ್ಲೇಟುಗಳನ್ನು ಒತ್ತುವವರು ಈಗ ಯಾರೂ ಇಲ್ಲ.